ಗೋಕೂ ಗೆಲ್ತಾನೋ? ಬಭ್ರುವಾಹನ ಗೆಲ್ತಾನೋ? ಕಣಗಿನಹಾಳದ ಕಟ್ಟೆಯ ಮೇಲೆ ಮಹಾಯುದ್ಧ!

ಅಭಿಮಾನಿಗಳ ಜಗಳ ನಮಗಾಗಲೀ ನಿಮಗಾಗಲೀ ಹೊಸತೇನಲ್ಲ. ಯಾರ ಕಟೌಟು ಎತ್ತರ, ಯಾರ ಚಿತ್ರ ನೂರು ದಿನ ಓಡಿತು, ಯಾರ ಒಂದೇ ಏಟಿಗೆ ಎಷ್ಟು ಜನ ಬಿದ್ದರು... ಈ ಲೆಕ್ಕ ಹಾಕದ ಚಹಾದಂಗಡಿ ಕರ್ನಾಟಕದಲ್ಲಿ ಉಂಟೇ? ಆದರೆ ಕಾಲ್‌ಶೀಟು ಬೇಡದ, ಮೇಕಪ್ ಹಚ್ಚದ, ಬರೀ ಗೆರೆಯಲ್ಲಿ ಹುಟ್ಟಿ ಬಣ್ಣದಲ್ಲಿ ಬೆಳೆದ ವೀರರ ಪರವಾಗಿ ಹಳ್ಳಿಯ ಹುಡುಗರು ತೊಡೆ ತಟ್ಟಿ ನಿಲ್ಲುತ್ತಾರೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಜಪಾನಿನ ಚಿತ್ರಕಥೆಗಳ ವೀರರು ಈಗ ಗದಗ ಸೀಮೆಯ ಹೊಲದ ಬದುವಿನ ತನಕ ಬಂದಿದ್ದಾರೆ. ಬಂದವರು ಸುಮ್ಮನಿಲ್ಲ, ನಮ್ಮ ಕರ್ಣಾರ್ಜುನರ ಜೊತೆ ಕುಸ್ತಿಗೇ ಇಳಿದಿದ್ದಾರೆ!

ಗದಗ ತಾಲೂಕಿನ ಕಣಗಿನಹಾಳ ಎಂದರೆ ಸಾಮಾನ್ಯ ಊರಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಊರಿನಲ್ಲಿ ರೈತರ ಸಹಕಾರಿ ಸಂಘ ಕಟ್ಟಿದರು. ಏಷ್ಯಾ ಖಂಡದಲ್ಲೇ ಮೊದಲನೆಯ ಕೃಷಿ ಸಹಕಾರಿ ಸಂಘ ಎಂದು ಹೆಸರಾದದ್ದು ಅದೇ. ಒಬ್ಬನ ಕೈಯಲ್ಲಿ ಆಗದ್ದು ಹತ್ತು ಜನ ಕೂಡಿದರೆ ಆದೀತು ಎಂದು ಲೋಕಕ್ಕೆ ತೋರಿಸಿದ ಊರು. ಈ ಮಾತನ್ನು ಒಂದು ಗಂಟು ಹಾಕಿ ಇಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಒಂಬತ್ತು ಸಾವಿರವೋ, ಎಂಟು ಸಾವಿರವೋ?

ಸಂಜೆ ಹೊಲಮನೆ ಕೆಲಸ ಮುಗಿದ ಮೇಲೆ ಕಟ್ಟೆಗೆ ಬಂದು ಕೂರುವ ಹುಡುಗರ ಗುಂಪು ಎಲ್ಲ ಊರಿನಲ್ಲೂ ಇರುತ್ತದೆ. ಕಣಗಿನಹಾಳದ ಗುಂಪಿನ ಕೈಯಲ್ಲಿ ಮೊಬೈಲು, ಬಾಯಲ್ಲಿ ಗೋಕೂ, ನರುಟೋ, ಸೈತಾಮಾ! “ಏ ಹೋಗಲೇ, ಗೋಕೂನ ಮುಂದ ಅಂವ ಏನ್ ಹಚ್ಚಿದ್ದೋ?” ಎಂದು ಒಬ್ಬ. “ಸೈತಾಮಾ ಒಂದ್ ಗುದ್ದು ಹಾಕಿದ್ರ ನಿನ್ ಗೋಕೂ ಗದಗ ದಾಟಿ ಬೀಳ್ತಾನ” ಎಂದು ಇನ್ನೊಬ್ಬ. ಪಕ್ಕದಲ್ಲಿ ಕೂತ ನನಗೆ ಮೊದಲು ನಗು ಬಂತು. ಆಮೇಲೆ ಕಿವಿ ನೆಟ್ಟಗಾಯಿತು. ಯಾಕೆಂದರೆ ವಾದ ಬರೀ ಗುದ್ದಿನದಾಗಿರಲಿಲ್ಲ, ಕಥೆಯದೂ ಆಗಿತ್ತು.

ಗೋಕೂ ಯಾರು ಎಂದು ಕೇಳುವ ಹಿರಿಯರಿಗೆ ಎರಡು ಮಾತು. ಅಕಿರಾ ತೋರಿಯಾಮಾ ಎಂಬ ಜಪಾನೀ ಚಿತ್ರಗಾರ 1984ರಲ್ಲಿ ಒಂದು ವಾರಪತ್ರಿಕೆಯಲ್ಲಿ ಶುರು ಮಾಡಿದ ‘ಡ್ರ್ಯಾಗನ್ ಬಾಲ್’ ಚಿತ್ರಕಥೆಯ ನಾಯಕ. ಬಾಲ ಇದ್ದ ಹುಡುಗ, ಕೈಯಲ್ಲಿ ಕೋಲು, ಸವಾರಿಗೆ ಮೋಡ. ಚೀನಾದ ಹಳೆಯ ಕಥೆಯ ಮಂಗರಾಜ ಸುನ್ ವುಕಾಂಗನ ಹೆಸರನ್ನೇ ಜಪಾನೀಯರು ಓದಿದರೆ ಸೋನ್ ಗೋಕೂ ಆಗುತ್ತದೆ. ಆ ಮಂಗರಾಜನಿಗೂ ನಮ್ಮ ಹನುಮಪ್ಪನಿಗೂ ನಂಟುಂಟೋ ಇಲ್ಲವೋ ಎಂದು ಪಂಡಿತರು ಬಹಳ ಕಾಲದಿಂದ ಜಗಳಾಡಿದ್ದಾರೆ. ತೋರಿಯಾಮಾ 2024ರ ಮಾರ್ಚಿನಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ಕಣ್ಣಿಗೆ ಹಾಕುವ ಒಂದು ಯಂತ್ರವಿದೆ. ಎದುರಾಳಿಯ ಬಲವನ್ನು ಅದು ಅಂಕಿಯಲ್ಲಿ ತೋರಿಸುತ್ತದೆ. ಗೋಕೂನ ಬಲ ಒಂಬತ್ತು ಸಾವಿರ ದಾಟಿತು ಎಂದು ವೈರಿ ವೆಜಿಟಾ ಕೂಗುವ ದೃಶ್ಯ ಜಗತ್ಪ್ರಸಿದ್ಧ. ತಮಾಷೆ ಏನೆಂದರೆ ಜಪಾನೀ ಮೂಲದಲ್ಲಿ ಅದು ಎಂಟು ಸಾವಿರ! ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದು ಸಾವಿರ ಬಡ್ಡಿ ಸೇರಿತ್ತು. ಮುಂದೆ ಫ್ರೀಜಾ ಎಂಬ ಖಳನಾಯಕ ಬಂದಾಗ ಅಂಕಿ 5,30,000ಕ್ಕೆ ಏರಿತು. ಆಮೇಲೆ? ಅಂಕಿಗಳೇ ಕಥೆಯಿಂದ ಮಾಯವಾದವು. ಲೆಕ್ಕ ಎಷ್ಟು ಏರಿದರೇನು, ಓದುಗನ ಎದೆ ಅಷ್ಟೇ ಏರಬೇಕಲ್ಲ?

ಭೀಷ್ಮ ಹಾಕಿದ ಮಾರ್ಕು

ಬಲಕ್ಕೆ ಅಂಕಿ ಕೊಡುವುದು ಜಪಾನೀಯರ ಆವಿಷ್ಕಾರ ಎಂದುಕೊಂಡಿರಾ? ತಪ್ಪು! ಮಹಾಭಾರತದ ಉದ್ಯೋಗ ಪರ್ವ ತೆಗೆಯಿರಿ. ಯುದ್ಧಕ್ಕೆ ಮುಂಚೆ ದುರ್ಯೋಧನ ಕೇಳುತ್ತಾನೆ, ಎರಡೂ ಕಡೆ ಯಾರು ಎಂಥ ವೀರ ಎಂದು. ಭೀಷ್ಮ ಸಾಲಾಗಿ ಮಾರ್ಕು ಹಾಕುತ್ತಾ ಹೋಗುತ್ತಾನೆ. ಇವನು ರಥ, ಇವನು ಅತಿರಥ, ಇವನು ಮಹಾರಥ. ಕರ್ಣನ ಸರದಿ ಬಂದಾಗ ಹೇಳಿದ್ದೇನು? ಅರ್ಧರಥ! ಕವಚಕುಂಡಲ ಕಳಕೊಂಡವನು, ಗುರುವಿನ ಶಾಪ ಹೊತ್ತವನು, ಅರ್ಧವೇ ಸಾಕು ಎಂದ. ಕರ್ಣ ಕೆರಳಿದ. ಈ ಮುದುಕ ಇರುವ ತನಕ ಆಯುಧ ಹಿಡಿಯುವುದಿಲ್ಲ ಎಂದು ಕೂತುಬಿಟ್ಟ. ಹತ್ತು ದಿನ ಕೌರವನ ಸೇನೆ ಕರ್ಣನಿಲ್ಲದೆ ಕಾದಿತು.

ನೋಡಿ ಸ್ವಾಮಿ, ಕಥೆಗಾರನ ಜಾಣ್ಮೆ! ಅಂಕಿ ಹೇಳಿ ಸುಮ್ಮನಾಗಲಿಲ್ಲ. ಆ ಅಂಕಿಯೇ ಅವಮಾನವಾಯಿತು, ಅವಮಾನ ಪ್ರತಿಜ್ಞೆಯಾಯಿತು, ಪ್ರತಿಜ್ಞೆ ಯುದ್ಧದ ದಿಕ್ಕನ್ನೇ ತಿರುಗಿಸಿತು. ಈ ಮಾತು ಹೇಳಿದಾಗ ಕಟ್ಟೆಯ ಹುಡುಗರ ಕಣ್ಣು ಅಗಲವಾದವು. “ಹಂಗಾರ ನಮ್ಮ ಭೀಷ್ಮಜ್ಜನ ಮೊದಲನೇ ಸ್ಕೌಟರ್ ಅನ್ರಿ!” ಎಂದ ಒಬ್ಬ. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಇಷ್ಟು ಚುರುಕಾದ ವಿಮರ್ಶೆ ಯಾವ ತರಗತಿಯಲ್ಲೂ ಕೇಳಿದ ನೆನಪಿಲ್ಲ.

ಅಷ್ಟಕ್ಕೂ ಇದು ಗದುಗಿನ ನಾರಣಪ್ಪನ ನೆಲ. ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಹೇಳಿದ ಎಂದು ಜನ ಇಂದಿಗೂ ಆ ಕಂಬ ತೋರಿಸುತ್ತಾರೆ. ಅವನ ಕರ್ಣನಿಗಾಗಿ ಮರುಗದ ಕನ್ನಡಿಗನಿಲ್ಲ. ಕರ್ಣ ಅರ್ಜುನನಿಗಿಂತ ಬಲಶಾಲಿ ಎಂದೇ ಮರುಗುತ್ತೇವೆಯೇ? ಅಲ್ಲವೇ ಅಲ್ಲ. ನೀನು ಪಾಂಡವರ ಅಣ್ಣ, ಬಾ, ರಾಜ್ಯ ನಿನ್ನದು ಎಂದು ಸಾಕ್ಷಾತ್ ಕೃಷ್ಣನೇ ಕರೆದರೂ, ಉಪ್ಪು ಹಾಕಿದವನನ್ನು ಬಿಟ್ಟು ಬರಲಾರೆ ಎಂದನಲ್ಲ, ಅದಕ್ಕೆ ಮರುಗುತ್ತೇವೆ.

ಅಣ್ಣಾವ್ರ ಎದುರು ಅಣ್ಣಾವ್ರೇ!

ಹುಡುಗರ ಗದ್ದಲ ಕೇಳಿ ಹಿರಿಯರೊಬ್ಬರು ಕಟ್ಟೆ ಏರಿದರು. ದೊಡ್ಡಾಟ ಕಂಡವರು, ಅಣ್ಣಾವ್ರ ಪೌರಾಣಿಕ ಚಿತ್ರ ಒಂದನ್ನೂ ಬಿಟ್ಟವರಲ್ಲ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡಗಟ್ಟಿ, ನೀವು ಯಾರು, ಎತ್ತಣವರು ಎಂದು ಕೇಳುತ್ತಾನೆ. ಕಿರೀಟ ಭುಜಕೀರ್ತಿ ಹೊತ್ತ ವೀರ ತನ್ನ ಪರಾಕ್ರಮವನ್ನು ತಾನೇ ಹಾಡಿ ಹೊಗಳಿಕೊಳ್ಳುತ್ತಾನೆ. ಇವತ್ತಿನ ಸಿನಿಮಾದ ಭಾಷೆಯಲ್ಲಿ ಅದಕ್ಕೆ ಬಿಲ್ಡಪ್ ಎಂದು ಹೆಸರು.

ಹಿರಿಯರ ಪ್ರಶ್ನೆ ಒಂದೇ: “ನಿಮ್ಮ ಗೋಕೂ ಬಭ್ರುವಾಹನನ ಮುಂದ ನಿಲ್ತಾನೇನು?” 1977ರ ‘ಬಭ್ರುವಾಹನ’ ಚಿತ್ರ ನಿಮಗೆ ನೆನಪಿಸಬೇಕೇ? ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ತಂದೆ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್! ಅಪ್ಪ ಮಗ ಎದುರುಬದುರಾಗಿ ಹಾಡಿನಲ್ಲೇ ಹಂಗಿಸಿಕೊಳ್ಳುವ ದೃಶ್ಯ ಬಂದರೆ ಇಂದಿಗೂ ಟಿವಿ ಮುಂದಿನಿಂದ ಯಾರೂ ಏಳುವುದಿಲ್ಲ. ಗದುಗಿನ ಕವಿ ಹತ್ತು ಪರ್ವಕ್ಕೇ ನಿಲ್ಲಿಸಿದ್ದರಿಂದ ಈ ಕಥೆ ಅವನಲ್ಲಿಲ್ಲ. ಕನ್ನಡಿಗರಿಗೆ ಇದನ್ನು ಮನೆಮಾತು ಮಾಡಿದ್ದು ಲಕ್ಷ್ಮೀಶನ ಜೈಮಿನಿ ಭಾರತ.

ಈಗ ಹೇಳಿ, ಆ ಯುದ್ಧದಲ್ಲಿ ಗೆದ್ದವರಾರು? ಮಗ ಬಿಟ್ಟ ಬಾಣಕ್ಕೆ ಅಪ್ಪ ಬಿದ್ದ. ಲೆಕ್ಕದ ಪ್ರಕಾರ ಮಗ ಗೆದ್ದ. ಆದರೆ ತಾಯಿ ಚಿತ್ರಾಂಗದೆ ಗಂಡನ ಹೆಣದ ಮೇಲೆ ಬಿದ್ದು ಅಳುವಾಗ ಗೆದ್ದವನ ಮುಖ ನೋಡಬೇಕು. ಗೆದ್ದವನೇ ಅಳುವ ಯುದ್ಧ! ಯಾವ ಯಂತ್ರ ಅಳೆದೀತು ಇದನ್ನು? ಕಟ್ಟೆಯ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ನರುಟೋ ಪಕ್ಷದ ಹುಡುಗ ಮೆಲ್ಲಗೆ ಅಂದ, “ನಮ್ಮ ಕಥಿಯಾಗೂ ಸಾಸುಕೆ ಅಣ್ಣನ ಮ್ಯಾಲೆ ಸೇಡು ತೀರಿಸ್ಕೋತಾನ್ರಿ. ಅಣ್ಣ ಸತ್ತಮ್ಯಾಲೆ ಖರೇ ಸಂಗತಿ ತಿಳೀತದ. ಆಗ ಅಳ್ತಾನ್ರಿ.” ಹಿರಿಯರು ತಲೆದೂಗಿದರು. ಆ ಕ್ಷಣದಿಂದ ಪಕ್ಷ ಎರಡಿರಲಿಲ್ಲ.

ಬಲಕ್ಕೊಂದು ಬೇಲಿ

ಬಲ ಹೆಚ್ಚಿದಂತೆ ಕಥೆಗಾರನ ಕಷ್ಟವೂ ಹೆಚ್ಚುತ್ತದೆ. 1938ರಲ್ಲಿ ಹುಟ್ಟಿದ ಅಮೆರಿಕದ ಸೂಪರ್‌ಮ್ಯಾನ್ ಮೊದಲಿಗೆ ಹಾರುತ್ತಿರಲಿಲ್ಲ, ಬರೀ ನೆಗೆಯುತ್ತಿದ್ದ. ಬಲ ಏರುತ್ತಾ ಹೋಯಿತು. ಅವನನ್ನು ಬೀಳಿಸುವ ಕ್ರಿಪ್ಟೋನೈಟ್ ಎಂಬ ಕಲ್ಲು 1943ರಲ್ಲಿ ರೇಡಿಯೋ ಸರಣಿಯಲ್ಲಿ ಬಂತು. ಸೋಲುವ ದಾರಿ ಇಲ್ಲದವನ ಕಥೆ ಯಾರಿಗೆ ಬೇಕು?

ನಮ್ಮ ಹಿರಣ್ಯಕಶಿಪುವನ್ನು ನೋಡಿ. ಹಗಲೂ ಸಾಯಬಾರದು, ಇರುಳೂ ಸಾಯಬಾರದು. ಒಳಗೂ ಅಲ್ಲ, ಹೊರಗೂ ಅಲ್ಲ. ಮನುಷ್ಯನಿಂದಲೂ ಅಲ್ಲ, ಮೃಗದಿಂದಲೂ ಅಲ್ಲ. ಎಂಥ ವರ! ಆದರೆ ಆ ವರದ ಸಂದುಗಳಲ್ಲೇ ನರಸಿಂಹ ನುಗ್ಗಿದ. ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು! 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅಣ್ಣಾವ್ರು ಹಿರಣ್ಯಕಶಿಪುವಾಗಿ ಗರ್ಜಿಸಿದರೆ ಎದುರಿಗೆ ಪುಟಾಣಿ ಲೋಹಿತ್, ಅಂದರೆ ಮುಂದಿನ ನಮ್ಮ ಪುನೀತ್. ಮೂರು ಲೋಕ ಗೆದ್ದವನು ಮನೆಯ ಮಗನನ್ನು ಗೆಲ್ಲಲಾರದೆ ಹೋದ. ಕಥೆಯ ಆಳ ಇರುವುದು ಅಲ್ಲಿ.

ಜಪಾನಿನ ಯೋಶಿಹಿರೋ ತೊಗಾಶಿಗೂ ಈ ಗುಟ್ಟು ಗೊತ್ತು. ಆತನ ‘ಹಂಟರ್ ಹಂಟರ್’ ಕಥೆಯ ಕುರಾಪಿಕಾ ತನ್ನ ಕುಲ ಕೊಂದ ತಂಡದ ಮೇಲೆ ಮಾತ್ರ ಆ ಸರಪಳಿ ಬಳಸುತ್ತೇನೆ, ತಪ್ಪಿದರೆ ಪ್ರಾಣ ಹೋಗಲಿ ಎಂದು ವ್ರತ ತೊಡುತ್ತಾನೆ. ವ್ರತ ಬಿಗಿಯಾದಷ್ಟೂ ಬಲ ಹೆಚ್ಚು. ನಮ್ಮ ಭೀಷ್ಮನ ಪ್ರತಿಜ್ಞೆಯ ವಾಸನೆ ಹೊಡೆಯುವುದಿಲ್ಲವೇ?

ಇನ್ನು ಸೈತಾಮಾ. ಒಂದೇ ಗುದ್ದಿಗೆ ಎಲ್ಲರನ್ನೂ ಮುಗಿಸುವ ಬೋಳುತಲೆಯ ವೀರ. ಅವನ ಗೋಳೇನು ಗೊತ್ತೇ? ಬೇಜಾರು! ಸಮಬಲದವನು ಸಿಗದೆ ಬದುಕೇ ಸಪ್ಪೆ. ಅದೇ ಕಥೆಯಲ್ಲಿ ಸೈಕಲ್ ಮೇಲೆ ಬರುವ ಮುಮೆನ್ ರೈಡರ್ ಎಂಬ ಸಾಧಾರಣ ವೀರನೊಬ್ಬನಿದ್ದಾನೆ. ಸಮುದ್ರರಾಕ್ಷಸನ ಎದುರು ಸೋಲುವುದು ಖಚಿತ ಎಂದು ಗೊತ್ತಿದ್ದೂ ಎದ್ದೆದ್ದು ನಿಲ್ಲುತ್ತಾನೆ. ಕಟ್ಟೆಯ ಹುಡುಗರಲ್ಲಿ ಸೈತಾಮಾ ಹೆಸರಿಗೆ ಕೇಕೆ, ಸೈಕಲ್ ವೀರನ ಹೆಸರಿಗೆ ಮೌನದ ಗೌರವ!

ನಮ್ಮ ಗಾಂಧಿನಗರದವರು ಸ್ವಲ್ಪ ಕಿವಿಗೊಡಲಿ. ನೂರು ಜನರನ್ನು ಗಾಳಿಗೆ ತೂರುವ ನಾಯಕ ಪ್ರತಿ ಶುಕ್ರವಾರ ಬರುತ್ತಾನೆ. ಸೈತಾಮಾನ ಗುದ್ದು ಇದೆ, ಅವನ ನೋವು ಇಲ್ಲ. ‘ಕೆಜಿಎಫ್’ನ ರಾಕಿ ಯಾಕೆ ನಿಂತ? ಅವನ ಸುತ್ತಿಗೆಯ ಏಟಿಗಷ್ಟೇ ಅಲ್ಲ, ಅಮ್ಮನಿಗೆ ಕೊಟ್ಟ ಮಾತು ಬೆನ್ನಿಗೆ ಇದ್ದದ್ದಕ್ಕೆ. ಬರೀ ಏಟು ಮಾರುವವರಿಗೆ ಈ ಸೂಕ್ಷ್ಮ ತಿಳಿದರೆ ಒಳ್ಳೆಯದು.

ಕೈ ಎತ್ತಿದ ಊರು

ಗಂಟು ಹಾಕಿಟ್ಟ ಮಾತನ್ನು ಈಗ ಬಿಚ್ಚೋಣ. ಗೋಕೂನ ಕೊನೆಯ ಅಸ್ತ್ರ ಯಾವುದು ಗೊತ್ತೇ? ತನ್ನ ಬಲವಲ್ಲ, ಪರರದು. ಆಕಾಶಕ್ಕೆ ಕೈ ಎತ್ತಿ, ಎಲ್ಲ ಜೀವಿಗಳೂ ಚೂರು ಚೂರು ಶಕ್ತಿ ಕೊಡಿ ಎಂದು ಬೇಡುತ್ತಾನೆ. ಬೂ ಎಂಬ ರಾಕ್ಷಸನ ಎದುರು ಹಾಗೆ ಬೇಡಿದಾಗ ಭೂಲೋಕದ ಜನ ಅನುಮಾನಿಸಿದರು, ಕೈ ಎತ್ತಲಿಲ್ಲ. ಕೊನೆಗೆ ಅವರನ್ನು ಒಪ್ಪಿಸಿದ್ದು ಮಿಸ್ಟರ್ ಸೇಟನ್, ಜಂಬಗಾರ, ಬಲದಲ್ಲಿ ಗೋಕೂನ ಕಾಲಿನ ಧೂಳಿಗೂ ಸಮನಲ್ಲದವನು. ಅವನ ಮಾತಿನ ಮೇಲೆ ಜನಕ್ಕೆ ನಂಬಿಕೆ ಇತ್ತು, ಅಷ್ಟೇ!

“ಇದು ನಮ್ಮೂರ ಸೊಸೈಟಿ ಇದ್ದಂಗ ಆತಲ್ರಿ” ಎಂದ ಗುಂಪಿನ ಕಿರಿಯ. ಎಲ್ಲರೂ ನಕ್ಕರು. ನನಗೆ ಮಾತ್ರ ನಗಲಾಗಲಿಲ್ಲ. ಚೂರು ಚೂರು ಕೂಡಿಸುವುದಕ್ಕೆ ಮೊದಲು ಬೇಕಾದದ್ದು ಬಲವಲ್ಲ, ನಂಬಿಕೆ. 1905ರಲ್ಲಿ ಈ ಊರು ಮಾಡಿದ್ದೂ ಅದನ್ನೇ. ಜಪಾನಿನ ಕಥೆಯ ತಿರುಳನ್ನು ಕಣಗಿನಹಾಳದ ಹುಡುಗ ತನ್ನ ಊರಿನ ಅಳತೆಗೋಲಿನಲ್ಲಿ ಅಳೆದು ತೋರಿಸಿದ.

ಕನ್ನಡ ಎಲ್ಲಿ ಸ್ವಾಮಿ?

ಒಂದೇ ನೋವು. ಈ ಹುಡುಗರು ವಾದ ಮಾಡುವುದು ಅಪ್ಪಟ ಗದಗ ಕನ್ನಡದಲ್ಲಿ, ಕಥೆ ನೋಡುವುದು ಹಿಂದಿಯಲ್ಲಿ. ವೀರರ ಸಂಭಾಷಣೆ ಬಂದಾಗ ನಾಲಿಗೆ ತಟ್ಟನೆ ಹಿಂದಿಗೆ ಹೊರಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ಜಪಾನಿನ ‘ಡೀಮನ್ ಸ್ಲೇಯರ್’ ಚಿತ್ರ ನಮ್ಮ ದೇಶದ ತೆರೆಗೆ ಬಂತು. ಹಿಂದಿ ಇತ್ತು, ತಮಿಳು ಇತ್ತು, ತೆಲುಗು ಇತ್ತು. ಕನ್ನಡ ಇರಲಿಲ್ಲ.

1960ರ ದಶಕದಲ್ಲಿ ಡಬ್ಬಿಂಗ್ ಬೇಡ ಎಂದು ಅ.ನ.ಕೃ. ಮೊದಲಾದ ಹಿರಿಯರು ನಿಂತದ್ದಕ್ಕೆ ಕಾರಣವಿತ್ತು; ನಮ್ಮ ಕಲಾವಿದರ ಅನ್ನದ ಪ್ರಶ್ನೆ ಅದು. ಆದರೆ 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆ ಕಂಡಿತು. ಬಾಗಿಲು ತೆರೆದಿದೆ. ಗೆರೆಯ ವೀರನಿಗೆ ಕನ್ನಡದ ಕಂಠ ಕೊಟ್ಟರೆ ಯಾವ ಕಲಾವಿದನ ಅನ್ನವೂ ಹೋಗದು, ನಾಲ್ಕು ಕಂಠದಾನ ಕಲಾವಿದರಿಗೆ ಅನ್ನ ಸಿಕ್ಕೀತು. 2025ರ ಜುಲೈನಲ್ಲಿ ಅಶ್ವಿನ್ ಕುಮಾರ್ ನಿರ್ದೇಶಿಸಿ ಹೊಂಬಾಳೆಯವರು ಅರ್ಪಿಸಿದ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ಬಂತು. ಗೆರೆಯ ಚಿತ್ರಕ್ಕೆ ಮನೆಮಂದಿಯೆಲ್ಲ ಬರುತ್ತಾರೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಇನ್ನೊಂದು ಮಾತು ಕೇಳಿ. ದೇಶಕ್ಕೆಲ್ಲ ಹೆಸರಾದ ಅಮರ ಚಿತ್ರ ಕಥೆ ಮೊದಲು ಅಚ್ಚಾದದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಪರದೇಶದ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ತಂದು ಆ ಹೆಸರಿಟ್ಟರು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು ಪುರಾಣಗಳತ್ತ ತಿರುಗಿಸಿ ದೇಶಕ್ಕೆ ಮುಟ್ಟಿಸಿದರು. ಅಂದು ಹೊರಗಿನ ಕಥೆಗೆ ಕನ್ನಡದ ಬಾಯಿ ಕೊಡಲು ಒಬ್ಬ ಪುಸ್ತಕ ವ್ಯಾಪಾರಿಗೆ ಧೈರ್ಯ ಬಂತು. ಇಂದು ಕೋಟಿಗಳ ಧಣಿಗಳಿಗೆ ಯಾಕೆ ಬರಬಾರದು?

ಗೋಕೂ ಗೆಲ್ಲಲಿ, ಬಭ್ರುವಾಹನ ಗೆಲ್ಲಲಿ, ಸೈಕಲ್ ವೀರ ಸೋತು ಗೆಲ್ಲಲಿ. ಪರವಾಗಿಲ್ಲ. ಯಾರು ಗೆದ್ದರೂ ಕೊನೆಯ ಮಾತನ್ನು ಕನ್ನಡದಲ್ಲಿ ಆಡಲಿ. ಏನಂತೀರಿ, ಕೈ ಎತ್ತುತ್ತೀರಾ?