ಮೂರ್ಛೆರೋಗವುಳ್ಳ ರೈತರು ಮತ್ತೆ ದುಡಿಮೆಗೆ ಮರಳುವುದು ಹೇಗೆ?

ಹದ ಮಳೆ ಬಿದ್ದ ಮಾರನೆಯ ದಿನ ಊರಿಗೆ ಊರೇ ಹೊಲಕ್ಕೆ ಇಳಿಯುತ್ತದೆ. ಮೈಯಲ್ಲಿ ಕಸುವಿದ್ದೂ ಆ ದಿನ ಜಗಲಿಯ ಮೇಲೆ ಕುಳಿತಿರಬೇಕಾದವರ ಸಂಕಟವನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂರ್ಛೆರೋಗವಿದೆ ಎಂಬ ಒಂದೇ ಕಾರಣಕ್ಕೆ ಹೀಗೆ ಕುಳಿತವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ.

ಈಚೆಗೆ ಮೈಸೂರಿನಲ್ಲಿ ನಡೆದ ರೈತರ ತರಬೇತಿಯೊಂದರ ಕೊನೆಯ ದಿನ ತಿ. ನರಸೀಪುರದ ಕಡೆಯ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಎಡಗೈ ಎಡಗಾಲಿನ ಬಲ ಕುಂದಿತ್ತು. ಜೊತೆಗೆ ಮೂರ್ಛೆ ಬರತೊಡಗಿತ್ತು. ಮಾತ್ರೆ ನುಂಗುತ್ತಿರುವುದರಿಂದ ಒಂದು ವರ್ಷದಿಂದ ಮೂರ್ಛೆ ಬಂದಿಲ್ಲ. ಅಂಗವಿಕಲರ ಪಿಂಚಣಿ ಬರುತ್ತಿದೆ. ಹುಡುಗ ದುಡಿಯುತ್ತೇನೆ ಎನ್ನುತ್ತಾನೆ. ತಂದೆಯ ಪ್ರಶ್ನೆಗಳು ಎರಡು: "ಹೊಲಕ್ಕೆ ಬಿಡಬಹುದೆ? ಬಿಟ್ಟರೆ ಪಿಂಚಣಿ ನಿಂತುಹೋಗುತ್ತದೆಯೆ?"

ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದ ಅಧ್ಯಾಪಕ. ಆದರೆ ಬೇಸಾಯದ ಯಾವ ಕೆಲಸದಲ್ಲಿ ಯಾವ ಅಪಾಯವಿದೆಯೆಂಬುದು ನಮ್ಮ ಶಾಸ್ತ್ರಕ್ಕೂ ಸೇರಿದ ವಿಷಯ. ಬಲ್ಲವರಿಂದ ಕೇಳಿ ತಿಳಿದುದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ರೋಗದ ಸ್ವರೂಪ

ನಮ್ಮ ಮಿದುಳಿನ ಕೋಶಗಳು ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಈ ಸಂಕೇತಗಳು ಇದ್ದಕ್ಕಿದ್ದಂತೆ ಮಿತಿಮೀರಿ ಹೊಮ್ಮಿದಾಗ ಕೈಕಾಲು ಸೆಟೆದು ಅದುರುತ್ತವೆ, ಇಲ್ಲವೆ ಕೆಲವು ಕ್ಷಣ ಎಚ್ಚರ ತಪ್ಪುತ್ತದೆ. ಇದೇ ಮೂರ್ಛೆ. ಇದು ಗಾಳಿ ಸೋಂಕಲ್ಲ, ಶಾಪವಲ್ಲ, ಅಂಟುರೋಗವೂ ಅಲ್ಲ. ತಲೆಯ ಪೆಟ್ಟು, ಹೆರಿಗೆಯ ಕಾಲದ ತೊಂದರೆ, ಮಿದುಳಿನ ಸೋಂಕು, ಲಕ್ವ, ಲಾಡಿಹುಳುವಿನ ಮರಿಗಳು ಮಿದುಳನ್ನು ಸೇರುವುದು ಮುಂತಾದವು ಇದಕ್ಕೆ ಕಾರಣಗಳು. ಎಷ್ಟೋ ಸಲ ಕಾರಣ ತಿಳಿಯದೆಯೂ ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾದ ಔಷಧಿ ದೊರೆತರೆ ಇವರಲ್ಲಿ ಶೇಕಡಾ 70ರವರೆಗಿನ ಜನ ಮೂರ್ಛೆಯಿಲ್ಲದೆ ಬಾಳಬಹುದು. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಮನೆಮನೆ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ ಸಾವಿರಕ್ಕೆ ಸುಮಾರು 9 ಜನರಲ್ಲಿ ಈ ರೋಗವಿತ್ತು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಎರಡು ಪಟ್ಟು ಹೆಚ್ಚು. ಹಾಗಾಗಿ ಇದು ರೈತರ ಮನೆಯ ಪ್ರಶ್ನೆಯೇ ಸರಿ.

ಯಳಂದೂರಿನ ಪಾಠ

ಹಳ್ಳಿಯಲ್ಲಿದ್ದುಕೊಂಡು ಈ ರೋಗವನ್ನು ಹತೋಟಿಗೆ ತರಲು ಸಾಧ್ಯವೆ? ಇದಕ್ಕೆ ಉತ್ತರ ನಮ್ಮ ಮಗ್ಗುಲಲ್ಲೇ ಇದೆ. ಯಳಂದೂರು ತಾಲ್ಲೂಕು ಮೈಸೂರು ಜಿಲ್ಲೆಯಲ್ಲಿದ್ದಾಗಲೇ (1997ರಿಂದ ಅದು ಚಾಮರಾಜನಗರ ಜಿಲ್ಲೆಗೆ ಸೇರಿದೆ) ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಅಲ್ಲಿಯ ಹಳ್ಳಿಗಳಲ್ಲಿ ರೋಗಿಗಳನ್ನು ಗುರುತಿಸಿ, ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಟ್ಟಲೆ ಅವರ ಬೆನ್ನುಹತ್ತಿ ನೋಡಿಕೊಂಡರು. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಹಳ್ಳಿಯ ಜನರಿಗೂ ಈ ಸಾಧಾರಣ ಮಾತ್ರೆಗಳಿಂದ ಒಳ್ಳೆಯ ಗುಣ ಸಿಗುತ್ತದೆ. ಚಿಕಿತ್ಸೆಗೆ ಮೊದಲು ಬಂದ ಮೂರ್ಛೆಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಫಲ ಹೆಚ್ಚು ಎಂದು ಅದರಿಂದ ತಿಳಿದುಬಂತು. ಕಳೆ ಚಿಕ್ಕದಿರುವಾಗಲೇ ಕೀಳಬೇಕೆಂದು ನಾವು ಹೇಳುವುದಿಲ್ಲವೆ? ಇದೂ ಹಾಗೆಯೇ.

ಕೆಲಸಗಳನ್ನು ವಿಂಗಡಿಸಿಕೊಳ್ಳಿ

ದುಡಿಮೆಗೆ ಯಾವಾಗ ಮರಳಬೇಕೆಂಬುದನ್ನು ಚಿಕಿತ್ಸೆ ಮಾಡುತ್ತಿರುವ ವೈದ್ಯರೇ ಹೇಳಬೇಕು. ಮೂರ್ಛೆ ಬಂದ ದಿನ, ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಮಾತ್ರೆ ತಪ್ಪಿತ್ತೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಅವರಿಗೆ ತೋರಿಸಿದರೆ ತೀರ್ಮಾನ ಸುಲಭವಾಗುತ್ತದೆ.

ಯಾವ ಕೆಲಸಕ್ಕೆ ಮರಳಬೇಕೆಂಬುದನ್ನು ಮಾತ್ರ ಮನೆಯವರೇ ಒಂದು ಪ್ರಶ್ನೆ ಕೇಳಿಕೊಂಡು ನಿರ್ಧರಿಸಬಹುದು: "ಈ ಕೆಲಸ ಮಾಡುವಾಗ ಎರಡು ನಿಮಿಷ ಎಚ್ಚರ ತಪ್ಪಿದರೆ ಏನಾಗುತ್ತದೆ?"

1. ಜೀವಕ್ಕೆ ಅಪಾಯವೆಂದಾದರೆ ಆ ಕೆಲಸ ಸಲ್ಲದು. ತೆಂಗು, ಅಡಿಕೆ ಮರ ಹತ್ತುವುದು, ತೆರೆದ ಬಾವಿಗೆ ಇಳಿಯುವುದು, ಕೆರೆ ನಾಲೆಗಳಲ್ಲಿ ಈಜುವುದು, ಮೇವು ಕತ್ತರಿಸುವ ಯಂತ್ರ ಮತ್ತು ಒಕ್ಕಣೆ ಯಂತ್ರಕ್ಕೆ ಕೈಕೊಡುವುದು, ಆಲೆಮನೆಯ ಕೊಪ್ಪರಿಗೆಯ ಬಳಿ ನಿಲ್ಲುವುದು, ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್ ನಡೆಸುವುದು ಈ ಗುಂಪಿಗೆ ಸೇರುತ್ತವೆ. ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕುವವರು ಮೂರ್ಛೆರೋಗವಿದೆಯೆ ಎಂಬ ಪ್ರಶ್ನೆಗೆ ಉತ್ತರಿಸಿ ಸಹಿ ಹಾಕಬೇಕು. ಅಲ್ಲಿ ಸುಳ್ಳು ಬರೆದರೆ ಅಪಾಯ ತನಗೊಬ್ಬನಿಗೇ ಅಲ್ಲ, ದಾರಿಯಲ್ಲಿ ಹೋಗುವವರಿಗೂ ಉಂಟು.

2. ಪಕ್ಕದಲ್ಲಿ ಒಬ್ಬರಿದ್ದರೆ ಅಪಾಯ ತಪ್ಪುವಂಥ ಕೆಲಸವನ್ನು ಜೊತೆಯಲ್ಲಿ ಮಾಡಬೇಕು. ಗದ್ದೆಗೆ ನೀರು ಕಟ್ಟುವುದು, ನಾಟಿ, ಕುಡುಗೋಲಿನಿಂದ ಕೊಯ್ಲು, ದನ ಮೇಯಿಸುವುದು ಇಂಥವು. ಅಂಗೈ ಆಳದ ನೀರಿದ್ದರೂ ಮುಖ ಕೆಳಗಾಗಿ ಬಿದ್ದವರಿಗೆ ಅದು ಸಾಕೆಂಬುದನ್ನು ಮರೆಯಬಾರದು. ಕೀಟನಾಶಕ ಸಿಂಪರಣೆಯನ್ನು ಬೇರೆಯವರಿಗೇ ಬಿಡುವುದು ಲೇಸು. ಕೆಲವು ಕೀಟನಾಶಕಗಳು ನರಮಂಡಲಕ್ಕೆ ವಿಷವಾಗಿ, ರೋಗವಿಲ್ಲದವರಲ್ಲೂ ಮೂರ್ಛೆ ತರಿಸಬಲ್ಲವು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿದ ಎಂಡೋಸಲ್ಫಾನ್ ಅಂಥವುಗಳಲ್ಲೊಂದು.

3. ಬಿದ್ದರೂ ಮೆತ್ತನೆಯ ನೆಲದ ಮೇಲೆಯೇ ಬೀಳುವಂತಿದ್ದರೆ ಧೈರ್ಯವಾಗಿ ಮಾಡಬಹುದು. ಸಸಿಮಡಿ ನೋಡಿಕೊಳ್ಳುವುದು, ಕಳೆ ಕೀಳುವುದು, ಮಲ್ಲಿಗೆ ಬಿಡಿಸುವುದು, ತರಕಾರಿ ವಿಂಗಡಿಸುವುದು, ಬೀಜೋಪಚಾರವಾಗದ ಬಿತ್ತನೆ ಬೀಜ ಆರಿಸುವುದು, ಎರೆಗೊಬ್ಬರ ತಯಾರಿಸುವುದು, ಡೇರಿಯ ಲೆಕ್ಕ ಬರೆಯುವುದು ಹೀಗೆ ಪಟ್ಟಿ ಉದ್ದವಾಗಿದೆ. ನಮ್ಮ ಭಾಗದ ರೇಷ್ಮೆ ಸಾಕಣೆಯೂ ಹೊಂದುತ್ತದೆ. ಆದರೆ ಮನೆಯ ಸೋಂಕು ನಿವಾರಣೆಗೆ ಔಷಧಿ ಹೊಡೆಯುವುದನ್ನು ಬೇರೆಯವರು ಮಾಡಬೇಕು. ಬಿಡಿ ಎಲೆಯ ಬದಲು ರೆಂಬೆ ಸಮೇತ ಸೊಪ್ಪು ಕೊಡುವ ಪದ್ಧತಿಯಿಂದ ಕತ್ತರಿಸುವ ಕೆಲಸವೂ ಶ್ರಮವೂ ಕಡಿಮೆಯಾಗುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಲೆಯೇ ದೊಡ್ಡ ಅಪಾಯ. ಉರಿಯ ಮುಂದೆ ಒಬ್ಬರೇ ಇರದಂತೆ ಮನೆಯವರು ಏರ್ಪಾಡು ಮಾಡಬೇಕು. ಹೊಲದ ಬಾವಿಗೆ ಕಟ್ಟೆ ಕಟ್ಟಿಸುವುದು, ಬಚ್ಚಲಿಗೆ ಒಳಗಿನ ಚಿಲಕ ಹಾಕದಿರುವುದು ಇವು ಖರ್ಚಿಗೆ ಚಿಕ್ಕವು, ಪ್ರಯೋಜನಕ್ಕೆ ದೊಡ್ಡವು.

ನಿದ್ದೆ, ಮಾತ್ರೆ, ಸ್ನಾನ

ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬರುವ ಊರುಗಳಲ್ಲಿ ನಡುರಾತ್ರಿ ಎದ್ದು ನೀರು ಹಾಯಿಸುವುದು ವಾಡಿಕೆ. ನಿದ್ದೆಗೇಡು ಮೂರ್ಛೆಯನ್ನು ಕೆರಳಿಸುತ್ತದೆ. ಮೇಲಾಗಿ ಕತ್ತಲು, ನೀರು, ಸ್ಟಾರ್ಟರ್, ಒಂಟಿತನ ಎಲ್ಲವೂ ಅಲ್ಲಿ ಕೂಡುತ್ತವೆ. ಆದುದರಿಂದ ರಾತ್ರಿ ಪಾಳಿ ಇವರಿಗೆ ಬೇಡವೇ ಬೇಡ. ರೇಷ್ಮೆಹುಳು ಹಣ್ಣಾಗುವ ದಿನಗಳಲ್ಲೂ ರಾತ್ರಿಯ ಕೆಲಸವನ್ನು ಮನೆಯ ಉಳಿದವರು ವಹಿಸಿಕೊಳ್ಳಬೇಕು. ಹೆಂಡ ಸಾರಾಯಿ ಸಲ್ಲದು.

ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು. ಮೂರ್ಛೆ ನಿಂತಿತೆಂದು ತಾನಾಗಿ ಬಿಟ್ಟುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಾಗೆ ಥಟ್ಟನೆ ನಿಲ್ಲಿಸಿದರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಸುಗ್ಗಿಯ ಗಡಿಬಿಡಿಗೆ ಮೊದಲೇ ಒಂದು ತಿಂಗಳಿಗೆ ಸಾಕಾಗುವಷ್ಟು ಮಾತ್ರೆ ತಂದಿಟ್ಟುಕೊಳ್ಳಿ. ಗರ್ಭಿಣಿಯರು, ಮಗು ಬಯಸುವವರು ಯಾವ ಮಾತ್ರೆ ತಕ್ಕುದೆಂದು ವೈದ್ಯರನ್ನು ಮೊದಲೇ ಕೇಳಬೇಕು.

ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರುವ ಒಂದು ಬಗೆಯ ಮೂರ್ಛೆಯೂ ಉಂಟು. ದಕ್ಷಿಣ ಕರ್ನಾಟಕದಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಹಂಡೆಯ ಸುಡುನೀರನ್ನು ಚೊಂಬಿನಿಂದ ಒಂದೇ ಸಮನೆ ತಲೆಗೆ ಸುರಿಯುವ ನಮ್ಮ ಅಭ್ಯಾಸವೇ ಅದಕ್ಕೆ ಪ್ರಚೋದನೆ. ಇಂಥವರು ಉಗುರು ಬೆಚ್ಚಗಿನ ನೀರನ್ನೇ ಬಳಸಿ, ವೈದ್ಯರ ಸಲಹೆ ಪಡೆಯಬೇಕು.

ಪಿಂಚಣಿಯ ಪ್ರಶ್ನೆ

ಈಗ ತಂದೆಯ ಎರಡನೆಯ ಪ್ರಶ್ನೆಗೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮೂರ್ಛೆರೋಗದ ಹೆಸರು ಅದರಲ್ಲಿಲ್ಲ. ಆದರೆ ಮೂರ್ಛೆಯ ಜೊತೆಗೆ ಕೈಕಾಲಿನ ಬಲಹೀನತೆ, ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆ, ಮಿದುಳಿನ ಲಕ್ವ, ಮಾನಸಿಕ ಕಾಯಿಲೆ ಇದ್ದರೆ ಅದಕ್ಕೆ ಪ್ರಮಾಣಪತ್ರ ದೊರೆಯಬಹುದು. ಶೇಕಡಾ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿದೆಯೆಂದು ವೈದ್ಯರು ದೃಢೀಕರಿಸಿದವರು ಸೌಲಭ್ಯಗಳಿಗೆ ಅರ್ಹರಾಗುತ್ತಾರೆ. ಆ ರೈತರ ಮಗನಿಗೆ ಪಿಂಚಣಿ ಬಂದಿದ್ದುದು ಕೈಕಾಲಿನ ವೈಕಲ್ಯಕ್ಕೆ, ಮೂರ್ಛೆಗಲ್ಲ. ಹಾಗಾಗಿ ಮೂರ್ಛೆ ನಿಂತಿತೆಂದು ವೈದ್ಯರಿಗೆ ಹೇಳಲು ಅವರು ಹೆದರಬೇಕಾಗಿರಲಿಲ್ಲ.

ಈ ಪಿಂಚಣಿಯನ್ನು ವೈಕಲ್ಯದ ಪ್ರಮಾಣ ಮತ್ತು ಕುಟುಂಬದ ವರಮಾನ ಇವೆರಡನ್ನೂ ನೋಡಿ ಕೊಡುತ್ತಾರೆ. ಸ್ವಂತ ಹೊಲದಲ್ಲಿ ಕಳೆ ಕಿತ್ತನೆಂದು ಅದು ನಿಲ್ಲುವುದಿಲ್ಲ. ವರಮಾನ ನಿಗದಿಯಾದ ಮಿತಿಯನ್ನು ದಾಟಿದರೆ ಮಾತ್ರ ಅರ್ಹತೆಯ ಪ್ರಶ್ನೆ ಏಳುತ್ತದೆ. ಮಿತಿ ಕಾಲಕಾಲಕ್ಕೆ ಬದಲಾಗುವುದರಿಂದ, ಕೂಲಿಗೋ ಸಂಬಳಕ್ಕೋ ಸೇರುವ ಮೊದಲು ನಾಡಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಸಹಾಯ ಮಾಡುತ್ತಾರೆ. ಶೇಕಡಾ 40ರ ಮಟ್ಟ ಮುಟ್ಟಿದವರಿಗೆ ಸರ್ಕಾರದ ಬಡತನ ನಿವಾರಣಾ ಯೋಜನೆಗಳಲ್ಲಿಯೂ, ಕೃಷಿ ಜಮೀನು ಮತ್ತು ನಿವೇಶನ ಹಂಚಿಕೆಯಲ್ಲಿಯೂ ಶೇಕಡಾ 5ರಷ್ಟು ಮೀಸಲಾತಿ ಇದೇ ಕಾಯಿದೆಯಲ್ಲಿದೆ. ಬಹಳ ಮಂದಿ ಇದನ್ನು ಕೇಳುವುದೇ ಇಲ್ಲ.

ಹೊಲದಲ್ಲಿ ಮೂರ್ಛೆ ಬಂದರೆ

ಜೊತೆಗೆ ದುಡಿಯುವವರಲ್ಲಿ ಇಬ್ಬರಿಗಾದರೂ ವಿಷಯ ತಿಳಿದಿರಬೇಕು. ಮುಚ್ಚಿಟ್ಟ ರೋಗಕ್ಕೆ ನೆರವು ಸಿಗುವುದಿಲ್ಲ. ಬಿದ್ದವರ ಸುತ್ತಲಿನ ಕುಡುಗೋಲು, ಕಲ್ಲುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಟವೆಲು ಮಡಿಸಿಟ್ಟು, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಬೇಡ. ಅದುರುವ ಕೈಕಾಲುಗಳನ್ನು ಒತ್ತಿ ಹಿಡಿಯಬಾರದು. ಗಡಿಯಾರ ನೋಡಿ, 5 ನಿಮಿಷವಾದರೂ ನಿಲ್ಲದಿದ್ದರೆ, ಒಂದರ ಹಿಂದೆ ಒಂದು ಬಂದರೆ, ಇಲ್ಲವೆ ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ. ಪೂರ್ತಿ ಎಚ್ಚರವಾಗುವವರೆಗೆ ಬಳಿಯಲ್ಲೇ ಇರಿ.

ಮೊನ್ನೆ ಆ ರೈತರು ಮತ್ತೆ ಸಿಕ್ಕಿದ್ದರು. ಮಗ ಹಿಪ್ಪುನೇರಳೆ ತೋಟವನ್ನೂ ಸಸಿಮಡಿಯನ್ನೂ ನೋಡಿಕೊಳ್ಳುತ್ತಿದ್ದಾನೆ. ನಂಟರ ಮದುವೆಗೆ ಹೋಗಿ ಎರಡು ಹೊತ್ತು ಮಾತ್ರೆ ತಪ್ಪಿಸಿದ್ದರಿಂದ ಒಮ್ಮೆ ಮೂರ್ಛೆ ಬಂತಂತೆ. ಸಾಲಿನ ನಡುವೆ ಬಿದ್ದ, ಪಕ್ಕದಲ್ಲಿದ್ದ ಹೆಂಗಸರು ಮಗ್ಗುಲಿಗೆ ಹೊರಳಿಸಿದರು, ಪೆಟ್ಟಾಗಲಿಲ್ಲ. ವೈದ್ಯರನ್ನು ಕಂಡು ಬಂದು ಮೂರನೆಯ ದಿನ ಮತ್ತೆ ತೋಟಕ್ಕೆ ಹೋದ. ಪಿಂಚಣಿ ಬರುತ್ತಲೇ ಇದೆ. ಬಾವಿಗೆ ಕಟ್ಟೆ ಕಟ್ಟಿಸಿದ್ದಾಗಿದೆ ಎಂದು ತಂದೆ ಹೇಳಿದರು.

ವಿಸ್ತರಣಾ ಕಾರ್ಯಕರ್ತರು ತಮ್ಮ ವೃತ್ತದ ಹಳ್ಳಿಗಳಲ್ಲಿ ಹೀಗೆ ಜಗಲಿಯ ಮೇಲೆ ಕುಳಿತವರಿದ್ದರೆ ಅವರ ಮನೆಗೆ ಒಮ್ಮೆ ಹೋಗಿ, ಮನೆಯವರೊಡನೆ ಕುಳಿತು ಮೇಲಿನ ಮೂರು ಗುಂಪುಗಳ ಪಟ್ಟಿಯನ್ನು ಬರೆದುಕೊಟ್ಟು ಬರಬೇಕು. ಅದಕ್ಕೆ ಅರ್ಧ ಗಂಟೆ ಸಾಕು.