ಬರಿಗಾಲಿನ ಅಹ್ಮದ್ ಖಾನ್

1952ರ ಜುಲೈನಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯದಲ್ಲಿ ಯುಗೊಸ್ಲಾವಿಯ ಭಾರತವನ್ನು 10–1ರಿಂದ ಸೋಲಿಸಿತು. ಭಾರತದ ಆಟಗಾರರಲ್ಲಿ ಹೆಚ್ಚಿನವರು ಆ ಚಳಿಯಲ್ಲಿಯೂ ಬರಿಗಾಲಲ್ಲಿ ಆಡಿದ್ದರು. ಸೋಲು ಎಲ್ಲರ ನೆನಪಿನಲ್ಲಿದೆ. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ.

ಅವರು ಹುಟ್ಟಿದ್ದು 1926ರ ಡಿಸೆಂಬರ್‌ನಲ್ಲಿ. ತಂದೆಯೂ ಫುಟ್‌ಬಾಲ್ ಆಟಗಾರರೇ. ಆಗಿನ ಬೆಂಗಳೂರು ಇಂದಿನವರು ಊಹಿಸಲಾರದಷ್ಟು ಫುಟ್‌ಬಾಲಿನ ಊರಾಗಿತ್ತು. ದಂಡಿನಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದರು. ಅದನ್ನು ನೋಡಿದ ಸುತ್ತಲಿನ ಬೀದಿಗಳ ಹುಡುಗರೂ ಆಡತೊಡಗಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಆ ಕಪ್ಪನ್ನು ಯಾವ ಭಾರತೀಯ ತಂಡವೂ ಮುಟ್ಟಿರಲಿಲ್ಲ. ಮರುವರ್ಷವೂ ಅದೇ ತಂಡ ಗೆದ್ದಿತು. ಅಹ್ಮದ್ ಖಾನ್ ಬಂದದ್ದು ಈ ಗರಡಿಯಿಂದ.

ಬರಿಗಾಲಿನ ಆಟವೆಂದರೆ ಬಡತನದ ಗುರುತು ಮಾತ್ರವೆಂದು ತಿಳಿಯಬಾರದು. ಬೂಟು ದುಬಾರಿಯಾಗಿದ್ದುದು ನಿಜ. ಆದರೆ ಎಳವೆಯಿಂದ ಹಾಗೆಯೇ ಆಡಿದವನಿಗೆ ಚೆಂಡು ಎಲ್ಲಿದೆ, ಎಷ್ಟು ಉರುಳಿತು ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಒಣನೆಲದಲ್ಲಿ ಆ ಹಿಡಿತಕ್ಕೆ ಸಾಟಿಯಿಲ್ಲ. ಮಳೆ ಬಂದರೆ ಕತೆ ಬೇರೆ: ಕಾಲು ಜಾರುತ್ತದೆ, ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತದೆ, ಎದುರಾಳಿಯ ಬೂಟಿನ ತುಳಿತವನ್ನೂ ಸಹಿಸಬೇಕು. ಎಡ ಒಳಮುನ್ನಡೆಯಲ್ಲಿ ಆಡುತ್ತಿದ್ದ ಅಹ್ಮದ್ ಖಾನ್ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರಂತೆ ಎದುರಾಳಿಗಳ ನಡುವೆ ನುಸುಳುತ್ತಿದ್ದರು. ಅದಕ್ಕೇ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಿತ್ತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್‌ಗೆ 1–2ರಿಂದ ಸೋತಿತು. ಎರಡು ಪೆನಾಲ್ಟಿಗಳು ಕೈತಪ್ಪದಿದ್ದರೆ ಫಲಿತಾಂಶವೇ ಬೇರೆಯಾಗಬಹುದಿತ್ತು. ಅಂದು ಭಾರತದ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಬೂಟು ಏಕಿಲ್ಲವೆಂದು ಕೇಳಿದವರಿಗೆ ನಾಯಕ ತಾಲಿಮೆರೆನ್ ಆವ್, ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂದು ಉತ್ತರಿಸಿದರೆಂಬ ಕತೆ ಇಂದಿಗೂ ಓಡಾಡುತ್ತಿದೆ.

1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. ಆದರೆ ದಕ್ಷಿಣದ ಪ್ರತಿಭೆಯನ್ನು ಕರೆಸಿಕೊಂಡು ಸಾಕುವ ಶಕ್ತಿಯೂ ಹಂಬಲವೂ ಇದ್ದದ್ದು ಕಲ್ಕತ್ತೆಯ ಕ್ಲಬ್ಬುಗಳಿಗೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್: ಈ ಐವರು ದಾಳಿಗಾರರನ್ನು ಬಂಗಾಳಿ ಅಭಿಮಾನಿಗಳು ಪಂಚಪಾಂಡವರೆಂದು ಕರೆದರು. ಐವರಲ್ಲಿ ಒಬ್ಬನೂ ಬಂಗಾಳಿಯಲ್ಲ! ಮೊದಲ ವರ್ಷವೇ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರೂ ಬಂದವು. ಶೀಲ್ಡಂತೂ 1951ರವರೆಗೆ ಸತತ ಮೂರು ವರ್ಷ ಅವರದೇ ಆಯಿತು.

ಇದೇ ಕಾಲದಲ್ಲಿ ಒಂದು ದೊಡ್ಡ ಬಾಗಿಲು ತೆರೆದು ಮುಚ್ಚಿಹೋಯಿತು. ಗುಂಪಿನ ಇತರ ತಂಡಗಳು ಹಿಂದೆ ಸರಿದದ್ದರಿಂದ 1950ರ ಬ್ರೆಜಿಲ್ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದಿತ್ತು, ಹೋಗಲಿಲ್ಲ. ಬರಿಗಾಲಿಗೆ ಅವಕಾಶವಿಲ್ಲದ್ದೇ ಕಾರಣವೆಂದು ಜನ ನಂಬುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ವಿಶ್ವಕಪ್ಪಿನ ಬೆಲೆ ಅಂದಿನ ಪದಾಧಿಕಾರಿಗಳಿಗೆ ಕಾಣದೆ ಒಲಿಂಪಿಕ್ಸೇ ದೊಡ್ಡದೆನಿಸಿದ್ದು. ಇಪ್ಪತ್ಮೂರರ ಹರೆಯದ ಅಹ್ಮದ್ ಖಾನ್‌ಗೆ ಆ ಅವಕಾಶ ಮತ್ತೆ ಬರಲಿಲ್ಲ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಮಾತ್ರ ದಕ್ಕಿತು. ಫೈನಲ್‌ನಲ್ಲಿ ಇರಾನ್ 1–0ರಿಂದ ಸೋತಿತು.

ಹೆಲ್ಸಿಂಕಿಯ ಪೆಟ್ಟಿನ ನಂತರ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಹಳೆಯ ಕೈಚಳಕಕ್ಕೆ ಹೊಸ ಚರ್ಮ ತೊಡಿಸುವುದು ಬಹಳ ಆಟಗಾರರಿಗೆ ಸುಲಭದ ಮಾತಾಗಿರಲಿಲ್ಲ. ಅಹ್ಮದ್ ಖಾನ್ 1959ರವರೆಗೂ ಈಸ್ಟ್ ಬೆಂಗಾಲ್‌ನಲ್ಲಿ ಉಳಿದರು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ; ಅಷ್ಟರೊಳಗೆ ಅವರ ಆಟದ ದಿನಗಳು ಮುಗಿದಿದ್ದವು. ಮುಂದೆ ತನ್ನ ‘ಭಾರತ ಗೌರವ್’ ಸನ್ಮಾನವನ್ನು ಅವರಿಗೆ ಕೊಟ್ಟದ್ದು ಆ ಕಲ್ಕತ್ತೆಯ ಕ್ಲಬ್ಬೇ. ಅಹ್ಮದ್ ಖಾನ್ ತೀರಿಕೊಂಡದ್ದು 2017ರ ಆಗಸ್ಟ್ 27ರಂದು, ಬೆಂಗಳೂರಿನಲ್ಲಿ. ಆಗ ಅವರಿಗೆ ತೊಂಬತ್ತು ವರ್ಷ.