ಈರುಳ್ಳಿ ಪೊರೆಯಲ್ಲಿ ಕಂಡ ಜೀವಕೋಶ ಪಿಯುಸಿಯಲ್ಲಿ ಕಳೆದುಹೋಗೋದು ಯಾಕೆ?

ಹೈಸ್ಕೂಲು ಮಕ್ಕಳಿಗೆ ಜೀವಕೋಶದ ಚಿತ್ರ ಬರೀರಿ ಅಂದರೆ ಬರೀತಾರೆ. ದುಂಡನೆ ಗೆರೆ, ನಡುವೆ ಒಂದು ಬೊಟ್ಟು, ಸುತ್ತ ಬಾಣದ ಗುರುತು, ಹೆಸರು. ಅಂಕವೂ ಸಿಗುತ್ತೆ. ‘ಸಕ್ಕರೆಯ ಅಣು ದೊಡ್ಡದೋ, ಜೀವಕೋಶ ದೊಡ್ಡದೋ?’ ಅಂತ ಕೇಳಿದರೆ ಅನೇಕರು ತಡವರಿಸುತ್ತಾರೆ. ಎರಡೂ ಕಣ್ಣಿಗೆ ಕಾಣದವು, ಹಾಗಾಗಿ ಎರಡೂ ಒಂದೇ ಅಳತೆಯವು ಅನ್ನಿಸಿಬಿಡುತ್ತೆ. ಇದು ನಮ್ಮ ಮಕ್ಕಳ ದೋಷ ಮಾತ್ರ ಅಂದುಕೊಳ್ಳಬೇಡಿ. ಇಸ್ರೇಲಿನಲ್ಲಿ ಡ್ರೇಫಸ್ ಮತ್ತು ಯುಂಗ್‌ವಿರ್ತ್ ಹತ್ತನೇ ತರಗತಿಯವರ ಜೀವಕೋಶದ ಕಲ್ಪನೆಯನ್ನೇ ಅಧ್ಯಯನ ಮಾಡಿ, ಪಠ್ಯದ ನಿರೀಕ್ಷೆಗೂ ಮಕ್ಕಳ ತಿಳಿವಳಿಕೆಗೂ ಇರುವ ಅಂತರವನ್ನು 1988ರಲ್ಲೇ ಬರೆದಿದ್ದರು.

ತಿಳಿವಳಿಕೆ ಬೆಳೆಯೋದು ಮೆಟ್ಟಿಲು ಮೆಟ್ಟಿಲಾಗಿ. ಮೊದಲ ಮೆಟ್ಟಿಲು ನೋಡೋದು. ಒಂಬತ್ತನೇ ತರಗತಿಯಲ್ಲಿ ಈರುಳ್ಳಿ ಪೊರೆಯನ್ನು ಸೂಕ್ಷ್ಮದರ್ಶಕದಡಿ ಇಡುವ ಪ್ರಯೋಗವಿದೆ. ಈರುಳ್ಳಿ ಬೆಳೆಯುವ ಚಿತ್ರದುರ್ಗದಲ್ಲಿ ಅದಕ್ಕೇನು ಕೊರತೆ? ಅದರ ಒಂದು ಕೋಶದ ಉದ್ದ ಸುಮಾರು ಕಾಲು ಮಿಲಿಮೀಟರ್. ಗ್ಲೂಕೋಸ್ ಅಣು ಸುಮಾರು 1 ನ್ಯಾನೊಮೀಟರ್. ಆ ಕೋಶದ ಉದ್ದಕ್ಕೆ ಎರಡೂವರೆ ಲಕ್ಷ ಅಣು ಸಾಲಾಗಿ ನಿಲ್ಲಬಹುದು. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಅಣು-ಕೋಶದ ಗೊಂದಲ ಅರ್ಧ ಕಳೆಯುತ್ತೆ.

ಎರಡನೇ ಮೆಟ್ಟಿಲು, ಕೋಶ ಏನು ಮಾಡುತ್ತೆ ಅನ್ನೋದು. ಹೆಚ್ಚಿದ ಈರುಳ್ಳಿಗೆ ಉಪ್ಪು ಹಾಕಿದರೆ ನೀರು ಬಿಡುತ್ತೆ. ಅಡುಗೆಮನೆಗೆ ಗೊತ್ತಿರುವ ಈ ಸಂಗತಿಯೇ ಪುಸ್ತಕದ ‘ಅಭಿಸರಣೆ’. ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟಕ್ಕೆ ಬನ್ನಿ. ಒಣಗಿದ ನೆಲಕ್ಕೆ ದಿಢೀರನೆ ನೀರು ಬಿದ್ದರೆ ಹಣ್ಣು ಬಿರಿಯುತ್ತೆ. ಒಳಗಿನ ಕಾಳಿನ ಕೋಶಗಳು ನೀರು ಹೀರಿ ಉಬ್ಬುತ್ತವೆ, ಬಿಗಿಯಾದ ಸಿಪ್ಪೆಗೆ ಅಷ್ಟು ಹಿಗ್ಗಲಾಗದು. ರೈತನ ನಷ್ಟದಲ್ಲೇ ಪಾಠವಿದೆ.

ಮೂರನೇ ಮೆಟ್ಟಿಲು ಪಿಯುಸಿ. ಇಲ್ಲೇ ಕನ್ನಡ ಮಾಧ್ಯಮದ ಮಗು ಎಡವೋದು. ವಿಜ್ಞಾನ ವಿಭಾಗದ ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಕೋಶಕೇಂದ್ರ ‘ನ್ಯೂಕ್ಲಿಯಸ್’ ಆಗುತ್ತೆ, ಕೋಶಪೊರೆ ‘ಸೆಲ್ ಮೆಂಬ್ರೇನ್’ ಆಗುತ್ತೆ. ಅದೇ ಹೊತ್ತಿಗೆ ಪಾಠವೂ ಅಣುಗಳ ಮಟ್ಟಕ್ಕೆ ಇಳಿಯುತ್ತೆ. ಹೊಸ ವಿಷಯ, ಹೊಸ ಭಾಷೆ ಒಟ್ಟಿಗೆ ಬಂದಾಗ ಮಗು ಬಾಯಿಪಾಠಕ್ಕೆ ಮೊರೆ ಹೋಗುತ್ತೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಇದೆ ನಿಜ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಕಲಿತವರಿಗೆ ಅದರಿಂದ ಎಷ್ಟು ಉಪಯೋಗ? ಹೊಳಲ್ಕೆರೆಯ ಹಳ್ಳಿಯಿಂದ ಬಂದ ಮಗು ‘ಬಯಾಲಜಿ ನನಗಲ್ಲ’ ಅಂತ ತೀರ್ಮಾನಿಸೋದು ಬುದ್ಧಿ ಸಾಲದೆ ಅಲ್ಲ, ಸೇತುವೆ ಇಲ್ಲದೆ.

ಸೇತುವೆ ಕಟ್ಟೋದು ದುಬಾರಿಯೇನಲ್ಲ. ಒಂಬತ್ತನೇ ತರಗತಿಯಿಂದಲೇ ಎರಡೂ ಭಾಷೆಯ ಪದ ಜೊತೆಜೊತೆಗೆ ಬರಲಿ. ಪಿಯುಸಿಯ ಮೊದಲ ವಾರಗಳಲ್ಲಿ ಕನ್ನಡದಲ್ಲಿ ವಿವರಿಸುವ ಅವಕಾಶ ಇರಲಿ. ಸೂಕ್ಷ್ಮದರ್ಶಕ ಬೀರುವಿನಿಂದ ಹೊರಬರಲಿ. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ಪ್ರಯೋಗದ ತರಬೇತಿ ಕೊಡುತ್ತಿದೆ. ಅಲ್ಲಿ ಕಲಿತದ್ದು ತರಗತಿಗೂ ಇಳಿಯಬೇಕು. ಪರೀಕ್ಷೆಯಲ್ಲಿ ಭಾಗಗಳನ್ನು ಗುರುತಿಸುವ ಪ್ರಶ್ನೆ ಒಂದಿದ್ದರೆ, ದಾಳಿಂಬೆ ಯಾಕೆ ಬಿರಿಯಿತು ಅನ್ನೋ ಪ್ರಶ್ನೆಯೂ ಒಂದಿರಲಿ.